ಹಗಲು ನಿದ್ದೆಗೊಂದು ಸದ್ದು

ಸದ್ದಿನಿಂದ ನಿದ್ದೆ ಕೆಟ್ಟಿತು ಎಂದು ಜನ ಗೋಳಾಡುತ್ತಾರೆ. ನನ್ನ ಗೋಳು ಉಲ್ಟಾ. ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಠಾಣೆ ಶಹರದ ಒಂದು ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದೆ, ವರ್ಷಗಟ್ಟಲೆ ರಾತ್ರಿ ಪಾಳಿ. ಒಂದೇ ಶೆಡ್ಡಿನಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಪಕ್ಕದವನ ಹತ್ತಿರ ತಂಬಾಕು ಬೇಕೆಂದರೆ ಬಾಯಿಂದ ಕೇಳುವಂತಿಲ್ಲ, ಎಡ ಅಂಗೈ ಮೇಲೆ ಹೆಬ್ಬೆರಳು ತಿಕ್ಕಿ ತೋರಿಸಬೇಕು. ಬೆಳಿಗ್ಗೆ ಏಳಕ್ಕೆ ಹೊರಗೆ ಬಂದರೂ ಕಿವಿಯೊಳಗೆ ಮಗ್ಗ ಓಡುತ್ತಲೇ ಇರುತ್ತಿತ್ತು. ಸುತ್ತ ಗದ್ದಲವಿದ್ದಾಗ ಅದು ಗೊತ್ತಾಗುತ್ತಿರಲಿಲ್ಲ. ಎಲ್ಲ ಸುಮ್ಮನಾಯಿತೋ, ತಲೆಯೊಳಗೆ ಕುಂಯ್ ಎಂದು ಶುರುವಾಗುತ್ತಿತ್ತು. ಆ ಕುಂಯ್‌ಗಿಂತ ದೊಡ್ಡ ಸದ್ದೊಂದು ಹೊರಗಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ನಗುತ್ತಿದ್ದರು. ನಗಲಿ, ಅವರಿಗೇನು, ರಾತ್ರಿ ಮಲಗುವವರು.

ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಆಚೆ ಕಳವಾ ಎಂಬಲ್ಲಿ, ವಠಾರದಂಥ ಚಾಳಿನಲ್ಲಿ ನಮ್ಮ ಖೋಲಿ. ವಿಜಾಪುರದ ಕಡೆಯಿಂದ ಬಂದ ಹೊಸದರಲ್ಲಿ ಹಿಡಿದದ್ದು, ಅದೇ ಕಾಯಂ ಆಯಿತು. ಒಂದು ಕೋಣೆ, ಮೂರು ಜನ: ನಾನು, ಹೆಂಡತಿ, ಮಗಳು. ಬೆಳಿಗ್ಗೆ ಬಂದು ರೊಟ್ಟಿ ತಿಂದು ಒಂಬತ್ತಕ್ಕೆ ಬಿದ್ದುಕೊಂಡರೆ ಚಾಳಿನ ಗದ್ದಲ ನನ್ನನ್ನು ಮಲಗಿಸುತ್ತಿತ್ತು. ನಳದ ಹತ್ತಿರದ ಜಗಳ, ಬಟ್ಟೆ ಒಗೆಯುವ ಸದ್ದು, ಹುಡುಗರ ಅಳು, ಎಲ್ಲ ಸೇರಿ ಒಂದು ಹದಕ್ಕೆ ಬರುತ್ತಿತ್ತು. ಹನ್ನೆರಡು ದಾಟಿದರೆ ಮುಗಿಯಿತು. ಗಂಡಸರು ಕೆಲಸಕ್ಕೆ ಹೋಗಿರುತ್ತಿದ್ದರು, ಹೆಂಗಸರು ಅಡ್ಡಾಗುತ್ತಿದ್ದರು, ಚಾಳಿಗೆ ಚಾಳೇ ಸುಮ್ಮನಾಗುತ್ತಿತ್ತು. ನಾನು ಎದ್ದು ಕೂರುತ್ತಿದ್ದೆ. ಮೂರು ತಾಸಿನ ನಿದ್ದೆಯಲ್ಲಿ ಇನ್ನೊಂದು ರಾತ್ರಿ ನಾಲ್ಕು ಮಗ್ಗ ಸಂಭಾಳಿಸಬೇಕು.

ನಿದ್ದೆ ಎಂದರೆ ನಮಗೆ ಸುಖದ ಮಾತಲ್ಲ. ನನ್ನ ಎದುರಿನ ಸಾಲಿನ ತೆಲುಗಿನವನೊಬ್ಬ ಪಾಳಿ ಮುಗಿಯುವ ಹೊತ್ತಿಗೆ ನಿಂತಲ್ಲೇ ತೂಕಡಿಸಿ, ಓಡುವ ಮಗ್ಗಕ್ಕೆ ಕೈ ಕೊಟ್ಟು ಎರಡು ಬೆರಳು ಕಳೆದುಕೊಂಡ. ಆ ಸಂಜೆ ಉಣ್ಣುತ್ತಾ ಹೆಂಡತಿಗೆ ಅದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. "ನಿದ್ದಿ ಆಗಲಿಲ್ಲಂದ್ರ ನಾಳೆ ನನ್ನ ಕೈ ಹಿಂಗಽ ಹೋಗೂದು" ಎಂದೆ. ಮಗಳು ಅಲ್ಲೇ ಕೂತು ಬುತ್ತಿ ಡಬ್ಬಿ ಒರೆಸುತ್ತಿದ್ದಳು. ಮಕ್ಕಳ ಮುಂದೆ ಹೇಳುವ ಮಾತೇ ಅದು? ಆದರೆ ನನ್ನ ಬಾಯಿಗೆ ಯಾವತ್ತೂ ಬೀಗ ಇರಲಿಲ್ಲ.

ಹೀಗೆ ಮಧ್ಯಾಹ್ನಕ್ಕೊಂದು ಸದ್ದು ಹುಡುಕುವುದು ನನ್ನ ಕೆಲಸವಾಯಿತು. ಹತ್ತಿರದಲ್ಲೇ ರೈಲ್ವೆ ಕಾರ್ ಶೆಡ್ ಇತ್ತು, ಗಾಡಿ ಬರುತ್ತಿತ್ತು, ಹೋಗುತ್ತಿತ್ತು. ಬಂದಾಗ ಹಾಯಾಗಿ ಕಣ್ಣಿಗೆ ಜೊಂಪು ಹತ್ತಬೇಕು, ಅಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು. ಹಚ್ಚಿ ಬಿಟ್ಟ ಸ್ಟೋವಿನ ಬುಸ್ಸೆನ್ನುವ ಸದ್ದು ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೂರು ದಿನ ಅದರ ಮುಂದೆ ರಾಜನಂತೆ ಮಲಗಿದೆ. ನಾಲ್ಕನೆಯ ದಿನ ಹೆಂಡತಿ ಸೀಮೆಎಣ್ಣೆಯ ಡಬ್ಬಿ ಅಲ್ಲಾಡಿಸಿ ನೋಡಿ, "ರಾಕೇಲ್ ನಿಮ್ಮಪ್ಪ ತಂದು ಕೊಡ್ತಾನೇನ್ರೀ? ಲೈನಿನ್ಯಾಗ ನಿಲ್ಲಾವ್ರು ಯಾರು?" ಎಂದು ಶುರು ಮಾಡಿದಳು. ಅಲ್ಲಿಗೆ ಸ್ಟೋವು ಬಂದ್. ಫ್ಯಾನು ಹಾಕೋಣವೆಂದರೆ ಚಾಳಿನ ಮಾಲೀಕ, ಅವನ ಮನೆ ಹಾಳಾಗ, ಸಂಜೆ ಆರಕ್ಕೆ ಕರೆಂಟು ಕೊಟ್ಟು ರಾತ್ರಿ ಹತ್ತಕ್ಕೆ ತೆಗೆಯುತ್ತಿದ್ದ. ಹಗಲು ಫ್ಯಾನು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿತ್ತು.

ಆಮೇಲೆ ಸೆಲ್ಲಿನ ರೇಡಿಯೊ. ತಿರುಗಿಸುತ್ತಾ ತಿರುಗಿಸುತ್ತಾ ಎಲ್ಲೋ ಗೊರಗೊರ ಎನ್ನುವ ಕನ್ನಡ ಸಿಕ್ಕಿತು. ಅಯ್ಯೋ ಶಿವನೇ, ಅದರಂಥ ವೈರಿ ಇನ್ನೊಂದಿಲ್ಲ! ಯಾರೋ ಪುಣ್ಯಾತ್ಮ ಶೇಂಗಾ ಬೆಳೆಗೆ ಬರುವ ಹುಳದ ಬಗ್ಗೆ ಹೇಳುತ್ತಿದ್ದ. ನನಗೆ ಶೇಂಗಾವೂ ಇಲ್ಲ, ಹೊಲವೂ ಇಲ್ಲ, ಆದರೂ ಒಂದು ಮಾತು ಬಿಡದೆ ಕೇಳಿದೆ. ಕನ್ನಡ ಕಿವಿಗೆ ಬಿದ್ದರೆ ಒಳಗಿನ ಮನುಷ್ಯ ಎದ್ದು ಕೂರುತ್ತಾನೆ, ಏನಂತೆ, ಏನಂತೆ ಎನ್ನುತ್ತಾನೆ. ಹಿಂದಿ ಹಾಡು ಹಾಕಿದರೆ ಅರ್ಧ ತಿಳಿದು ಅರ್ಧ ತಿಳಿಯದೆ ಅದೊಂದು ತಲೆಬಿಸಿ, ನಡುವೆ ಜಾಹೀರಾತಿನವರು ಕಿರುಚಿ ಎಬ್ಬಿಸುತ್ತಿದ್ದರು. ಎರಡು ಸ್ಟೇಷನ್ನುಗಳ ನಡುವಿನ ಬರೀ ಶರ್ ಎನ್ನುವ ಸದ್ದು ಒಳ್ಳೆಯದೇ ಇತ್ತು, ಆದರೆ ಸೆಲ್ಲು ತಡೆಯಲಿಲ್ಲ. ನನಗೆ ಬೇಕಾಗಿದ್ದು ಒಂದೇ: ನಿಲ್ಲಬಾರದು, ಅರ್ಥವಾಗಬಾರದು.

ಅದು ಮನೆಯಲ್ಲೇ ಇತ್ತು. ಮಗಳು ಮರಾಠಿ ಶಾಲೆಗೆ ಹೋಗುತ್ತಿದ್ದಳು. ಹತ್ತಿರ ಇದ್ದದ್ದು ಅದೊಂದೇ ಶಾಲೆ. ಬೆಳಿಗ್ಗೆ ಹೋಗಿ ಒಂದು ಗಂಟೆಗೆ ಬರುತ್ತಿದ್ದಳು. ಹೆಂಡತಿ ಅಷ್ಟರಲ್ಲಿ ಠಾಣೆಯ ಬಿಲ್ಡಿಂಗುಗಳಿಗೆ ಮನೆಗೆಲಸಕ್ಕೆ ಹೋಗಿರುತ್ತಿದ್ದಳು. ಹೀಗಾಗಿ ಮಧ್ಯಾಹ್ನ ನಾವಿಬ್ಬರೇ. ಅವಳು ಏಳನೆಯ ತರಗತಿಯಲ್ಲಿದ್ದಾಗ ಒಂದು ದಿನ ಪಾಠ ಜೋರಾಗಿ ಓದಿಕೊಂಡು ಬಾ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಗೋಡೆಗೆ ಒರಗಿ ಕೂತು ಓದತೊಡಗಿದಳು. ಮಿಲ್ಲಿನಲ್ಲಿ, ಗಾಡಿಯಲ್ಲಿ, ಅಂಗಡಿಯಲ್ಲಿ ಬೇಕಾಗುವಷ್ಟು ಮರಾಠಿ ನನಗೆ ಬರುತ್ತಿತ್ತು. ಪುಸ್ತಕದ ಮರಾಠಿ ಮಾತ್ರ ಒಂದಕ್ಷರ ಹತ್ತುತ್ತಿರಲಿಲ್ಲ. ಧ್ವನಿ ಮಗಳದು, ಮಾತು ಪರರದು. ಕೇಳುತ್ತಾ ಕೇಳುತ್ತಾ ಯಾವಾಗ ಮಲಗಿದೆನೋ, ಎದ್ದಾಗ ಹೆಂಡತಿ ಬಂದು ಅಕ್ಕಿ ತೊಳೆಯುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಮೈಯೆಲ್ಲ ಹಗುರಾಗಿತ್ತು.

ಮರುದಿನದಿಂದ ಅದೇ ಪದ್ಧತಿಯಾಯಿತು. "ಓದವಾ, ಜೋರ್ ಓದು" ಎಂದು ಹೇಳಿ ಗೋಡೆಯ ಕಡೆ ಹೊರಳುತ್ತಿದ್ದೆ. ಮೊದಮೊದಲು ಅವಳು ನಡುನಡುವೆ ನಿಲ್ಲುತ್ತಿದ್ದಳು. ನಿಂತರೆ ನನಗೆ ಎಚ್ಚರವಾಗಬೇಕಲ್ಲ, ಆಗುತ್ತಿತ್ತು. ಕೆಂಡದಂಥ ಕಣ್ಣು ತೆರೆದು ಗದರುತ್ತಿದ್ದೆ. "ಯಾಕ ನಿಂತಿ? ಅಭ್ಯಾಸ ಮಾಡೂ ಹುಡುಗಿ ಹಿಂಗ ಗಳಿಗಿಗೊಮ್ಮೆ ನಿಲ್ಲತಾಳೇನು?" ಅವಳು ಮತ್ತೆ ಶುರು ಮಾಡುತ್ತಿದ್ದಳು. ಒಂದೆರಡು ತಿಂಗಳಿಗೆ ನಿಲ್ಲುವುದು ಕಡಿಮೆಯಾಯಿತು, ಆಮೇಲೆ ಪೂರ್ತಿ ಹೋಯಿತು. ಒಂದೂವರೆಯಿಂದ ನಾಲ್ಕೂವರೆವರೆಗೆ ಹರಿಯುವ ನೀರಿನಂತೆ ಓದುತ್ತಿದ್ದಳು. ಹುಡುಗಿ ಸುಧಾರಿಸಿದಳು ಎಂದುಕೊಂಡೆ. ನನ್ನ ಗದರಿಕೆಯಿಂದಲೇ ಸುಧಾರಿಸಿದಳು ಎಂದೂ ಅಂದುಕೊಂಡೆ.

ಮಿಲ್ಲಿನ ಕ್ಯಾಂಟೀನಿನಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ: ನನ್ನ ಮಗಳು ದಿನಾ ಮೂರು ತಾಸು ಉಸಿರು ಬಿಡದೆ ಓದುತ್ತಾಳೆ. ನಮ್ಮ ವಂಶದಲ್ಲಿ ಹತ್ತನೆಯ ತರಗತಿಯ ಮೆಟ್ಟಿಲು ಹತ್ತಿದವರಿಲ್ಲ, ಇವಳು ಹತ್ತಿ ಇಳಿಯುತ್ತಾಳೆ, ಆಮೇಲೆ ನರ್ಸ್ ಕೋರ್ಸಿಗೆ ಹಾಕುತ್ತೇನೆ. ನರ್ಸಿನ ಮಾತು ಅವಳದೇ. ಠಾಣೆಯ ಆಸ್ಪತ್ರೆಯಲ್ಲಿ ಬಿಳಿ ಸೀರೆಯವರನ್ನು ನೋಡಿ ಬಂದ ದಿನದಿಂದ ಅದನ್ನು ಹಿಡಿದಿದ್ದಳು. ಅದಕ್ಕೆ ಹತ್ತನೆಯದು ಪಾಸಾಗಬೇಕು, ಗಣಿತ ವಿಜ್ಞಾನದಲ್ಲಿ ಒಳ್ಳೆಯ ನಂಬರು ಬೇಕು ಎಂದು ಯಾರೋ ಹೇಳಿದ್ದರು. ಕೇಳಿದವರು, "ನಿನಗೇನಪ್ಪಾ, ಹಣೆಬರಹ ತಿರುಗಿತು" ಎನ್ನುತ್ತಿದ್ದರು. ನಾನು ಮೀಸೆ ನೀವಿಕೊಳ್ಳುತ್ತಿದ್ದೆ.

ಮಗಳು ಹತ್ತನೆಯದಕ್ಕೆ ಬಂದ ವರ್ಷ ಒಂದು ಸಲ ಹೆಂಡತಿಗೆ ಜ್ವರ ಬಂದು ಎರಡು ದಿನ ಮನೆಯಲ್ಲಿದ್ದಳು. ಮರಾಠಿ ಮನೆಗಳಲ್ಲಿ ದುಡಿದು ಅವಳಿಗೆ ನನಗಿಂತ ಹತ್ತು ಪಾಲು ಹೆಚ್ಚು ಮರಾಠಿ ಬರುತ್ತಿತ್ತು. ಸಂಜೆ ನನಗೆ ಚಹಾ ಕೊಡುತ್ತಾ, "ಏನ್ರೀ, ಇಕಿ ನಿನ್ನೆ ಓದಿದ್ದಽ ಇವತ್ತೂ ಓದಿದ್ಲಲ್ಲ. ಗುಬ್ಬಿ, ಮಳಿ, ಗೂಡು ಅಂತ ಏನೇನೋ. ಸಣ್ಣಾಕಿದ್ದಾಗ ಓದ್ತಿದ್ಲಲ್ಲ, ಹಂಗಽ ಅನಸ್ತು" ಎಂದಳು.

"ನಿನಗೇನ್ ತಿಳೀತೈತಿ? ಅದು ರಿವಿಜನ್. ಹತ್ತನೇತ್ತ ಅಂದ್ರ ಏನಂತ ತಿಳದಿ? ಭಾಂಡಿ ತಿಕ್ಕಿದಂಗಲ್ಲ ಅದು" ಎಂದು ಒಂದೇ ಏಟಿಗೆ ಬಾಯಿ ಮುಚ್ಚಿಸಿದೆ. ಮಗಳು ಒಲೆಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು.

ಜೂನಿನಲ್ಲಿ ಹತ್ತನೆಯದರ ರಿಸಲ್ಟು ಬಂತು. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ನಾಪಾಸು. ಮರಾಠಿಯಲ್ಲಿ ಮಾತ್ರ ಇಡೀ ತರಗತಿಗೇ ಹೆಚ್ಚು ನಂಬರು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ! ಇದರಲ್ಲೇನೋ ಮೋಸವಿದೆ ಎಂದು ನನಗೆ ಖಾತ್ರಿಯಾಯಿತು. ನಿದ್ದೆ ಬಿಟ್ಟು, ರಾತ್ರಿಯ ಅಂಗಿಯಲ್ಲೇ ನೆಟ್ಟಗೆ ಶಾಲೆಗೆ ಹೋದೆ. ಅವಳ ತರಗತಿಯ ಬಾಯಿ, ಎಂದರೆ ಟೀಚರಮ್ಮ, ವಯಸ್ಸಾದವರು, ಸಮಾಧಾನದ ಹೆಂಗಸು. ಕೂರಿಸಿ ನೀರು ಕೊಟ್ಟರು. ನಾನು ನೀರು ಮುಟ್ಟಲಿಲ್ಲ. ದಿನಾ ಮೂರು ತಾಸು ಓದುವವಳು ನಾಪಾಸಾದದ್ದು ಹೇಗೆ ಎಂದು ಗೊತ್ತಿದ್ದ ಹಿಂದಿಯಲ್ಲಿ ದನಿ ಏರಿಸಿದೆ: "ಮೇರಾ ಲಡ್ಕಿ ರೋಜ್ ತೀನ್ ಘಂಟಾ ಪಢತಾ ಹೈ. ಮೈ ಖುದ್ ಸುನತಾ ಹೈ. ಫಿರ್ ನಾಪಾಸ್ ಕೈಸಾ?"

ಬಾಯಿ ನನ್ನನ್ನೇ ನೋಡಿದರು. ಮನೆಯಲ್ಲಿ ಓದಲು ಸಮಯ ಸಿಗುವುದಿಲ್ಲ ಎಂದು ನಿಮ್ಮ ಮಗಳು ನನ್ನ ಹತ್ತಿರ ಹೇಳಿದ್ದಳಲ್ಲ ಎಂದರು ಹಿಂದಿಯಲ್ಲಿ. ಸುಳ್ಳು ಎಂದೆ. ಮೇಜು ಗುದ್ದಿದೆನೋ ಏನೋ, ಗಾಜಿನ ಲೋಟ ಅಲ್ಲಾಡಿತು. ನಾನು ಮಲಗಿರುತ್ತೇನೆ, ಅವಳು ನನ್ನ ತಲೆಯ ಹತ್ತಿರವೇ ಕೂತು ಜೋರಾಗಿ ಓದುತ್ತಿರುತ್ತಾಳೆ, ಒಂದು ಗಳಿಗೆ ನಿಲ್ಲುವುದಿಲ್ಲ ಎಂದೆ. ಅವರು ಬಹಳ ಮೆತ್ತಗೆ, "ಗಣಿತವನ್ನು ಯಾರಾದರೂ ಜೋರಾಗಿ ಓದುತ್ತಾರೆಯೇ, ಅಪ್ಪಾಜಿ?" ಎಂದು ಕೇಳಿದರು.

ಮಗ್ಗದ ಮುಂದೆ ನಾನು ಎಂದಾದರೂ ಬಾಯಿ ಬಿಟ್ಟು ಕೆಲಸ ಮಾಡಿದ್ದೇನೆಯೇ? ಎಳೆ ಕಡಿದರೆ ಉಸಿರು ಹಿಡಿದು ಗಂಟು ಹಾಕುತ್ತೇವೆ. ಇಷ್ಟು ಸಣ್ಣ ಮಾತು ಮೂರು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ಶಾಲೆಯಿಂದ ಮನೆಗೆ ಹತ್ತು ನಿಮಿಷದ ದಾರಿ, ಅವತ್ತು ಮುಗಿಯಲೇ ಇಲ್ಲ.

ಖೋಲಿಗೆ ಬಂದು ಬಾಗಿಲು ಮುಂದೆ ಮಾಡಿ ಮಗಳನ್ನು ಕೂರಿಸಿದೆ. ಹೊಡೆಯುತ್ತೇನೆಂದು ಅವಳು ಮೊದಲೇ ಭುಜ ಕುಗ್ಗಿಸಿದಳು. "ದಿನಾ ಏನ್ ಓದ್ತಿದ್ದಿ, ಆ ಪುಸ್ತಕ ತಾ" ಎಂದೆ. ಹಾಸಿಗೆಯ ಗಂಟಿನ ಕೆಳಗಿನಿಂದ ತೆಗೆದು ಕೊಟ್ಟಳು. ನ್ಯೂಸ್ ಪೇಪರಿನ ರಟ್ಟು ಹಾಕಿದ್ದಳು, ಮೂಲೆಗಳೆಲ್ಲ ಮಡಚಿ ಎಣ್ಣೆಗಟ್ಟಿದ್ದವು. ಒಳಗೆ ಗುಬ್ಬಿಯ ಚಿತ್ರ, ಕೊಡೆ ಹಿಡಿದ ಅಜ್ಜನ ಚಿತ್ರ. ನಾಲ್ಕನೆಯ ತರಗತಿಯ ಮರಾಠಿ ಪುಸ್ತಕ.

"ಇದು ಯಾಕ?" ಎಂದೆ.

"ಇದು ನಂಗ ಬಾಯಿಪಾಠ ಐತಿ ಅಪ್ಪಾ, ನೋಡದಽ ಬರತೈತಿ. ಹೊಸಾ ಪಾಠ ಓದಿದ್ರ ತಿಳಕೊಳ್ಳಾಕ ನಿಲ್ಲಬೇಕಾಗತೈತಿ. ನಿಂತ್ರ ನೀ ಏಳ್ತಿದ್ದಿ."

"ಮತ್ತ ಗಣಿತ?"

"ಬಾಯಿಲೆ ಇದನ್ನ ಓದ್ಕೋತ ಕೈಲೆ ಗಣಿತ ಮಾಡಿ ನೋಡೀನಿ. ಭಾಳ ಸಲ ಮಾಡೀನಿ. ಎಲ್ಲಾ ತಪ್ಪತಾವ."

ಸಂಜೆ ಏಕೆ ಓದಲಿಲ್ಲ ಎಂದು ಕೇಳಲು ಬಾಯಿ ತೆರೆದು ಮುಚ್ಚಿದೆ. ಸಂಜೆ ನೀರಿನ ಸಾಲು, ರಾಕೇಲಿನ ಸಾಲು, ಅವ್ವ ಬರುವಷ್ಟರಲ್ಲಿ ಅಡುಗೆ. ನಾನು ಹೋಗುವ ಹೊತ್ತಿಗೆ ಬುತ್ತಿ. ಹತ್ತಕ್ಕೆ ದೀಪ ಹೋಗುತ್ತಿತ್ತು. ಅವಳಿಗೆ ಇದ್ದದ್ದು ಆ ಮಧ್ಯಾಹ್ನದ ಮೂರು ತಾಸು ಮಾತ್ರ, ಅದನ್ನು ನಾನು ಹಾಸಿಕೊಂಡು ಮಲಗಿದ್ದೆ.

"ನಂಗ ಯಾಕ ಹೇಳಲಿಲ್ಲ ಯವ್ವಾ?" ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಬೆರಳುಗಳನ್ನು ನೋಡುತ್ತಿದ್ದಳು. "ನಿನ್ನ ಕೈ ಹೋದ್ರ?" ಎಂದಳು.

ನನಗೆ ಅಳು ಬಂತು. ಮಗಳ ಮುಂದೆ ಅತ್ತವನಲ್ಲ ನಾನು, ಅವತ್ತು ಅತ್ತೆ. ನಾಚಿಕೆಯಿಂದ ಅತ್ತೆ. ಊರೆಲ್ಲ ಡಂಗುರ ಹೊಡೆದುಕೊಂಡು ತಿರುಗಿದ್ದೆನಲ್ಲ, ನನ್ನ ಮಗಳು ನಿಲ್ಲದೆ ಓದುತ್ತಾಳೆ ಎಂದು. ಒಂದನೆಯ ತರಗತಿಯ ಪುಸ್ತಕ ಓದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಆ ಊರಿನಲ್ಲಿ ಇಷ್ಟು ವರ್ಷ ಉಂಡು, ಮಗಳು ಓದುವ ಭಾಷೆಯ ನಾಲ್ಕು ಅಕ್ಷರ ಕಲಿಯದ ಗಂಡಸು ನಾನು. ತಿಳಿಯುವುದಿಲ್ಲವೆಂದೇ ಅದು ನನಗೆ ಹಿತವಾಗಿತ್ತು.

ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂರಬಹುದಿತ್ತು. ಮೂರು ವಿಷಯ, ನಾಲ್ಕು ತಿಂಗಳು. "ಇನ್ನ ಮ್ಯಾಲೆ ಬಾಯಿ ಬಿಚ್ಚಬ್ಯಾಡ. ಸುಮ್ಮಕ ಕುಂತು ನಿನ್ನ ಅಭ್ಯಾಸ ಮಾಡು. ನನಗ ಸದ್ದಿಲ್ಲದನೂ ನಿದ್ದಿ ಬರತೈತಿ, ಡಾಕ್ಟರ್ ಗುಳಿಗಿ ಕೊಟ್ಟಾನ" ಎಂದು ಸುಳ್ಳು ಹೇಳಿದೆ. ಡಾಕ್ಟರೂ ಇಲ್ಲ, ಗುಳಿಗೆಯೂ ಇಲ್ಲ. ಮಧ್ಯಾಹ್ನವಾದರೆ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿ ಬಿದ್ದಿರುತ್ತಿದ್ದೆ. ತಲೆಯೊಳಗೆ ಕುಂಯ್ ಎನ್ನುವುದು. ಅದರ ಆಚೆ ಅವಳ ಪೆನ್ಸಿಲು ಕಾಗದದ ಮೇಲೆ ಕೆರೆಯುವುದು, ನಿಲ್ಲುವುದು, ರಬ್ಬರು ತಿಕ್ಕುವುದು. ಒಂದೊಂದು ಸಲ ಮೆಲ್ಲಗೆ, "ಅಪ್ಪಾ, ನಿದ್ದಿ ಬಂತೇನ್?" ಎಂದು ಕೇಳುತ್ತಿದ್ದಳು. ನಾನು ಮೈ ಅಲ್ಲಾಡಿಸದೆ, ಮಲಗಿದವರ ಹಾಗೆ ಉಸಿರು ಬಿಡುತ್ತಿದ್ದೆ.

ಆ ನಾಲ್ಕು ತಿಂಗಳು ಮಿಲ್ಲಿನಲ್ಲಿ ಹೇಗೆ ಕಳೆದೆನೋ ದೇವರಿಗೇ ಗೊತ್ತು. ಹಸಿ ಮೆಣಸಿನಕಾಯಿ ಜೇಬಿನಲ್ಲಿಟ್ಟುಕೊಂಡು ಕಚ್ಚುತ್ತಿದ್ದೆ, ತಾಸಿಗೊಮ್ಮೆ ಮುಖಕ್ಕೆ ನೀರು ಹೊಡೆದುಕೊಳ್ಳುತ್ತಿದ್ದೆ. ಆದರೂ ಎಳೆ ಕಡಿದದ್ದು ಕಾಣದೆ ಬಟ್ಟೆ ಕೆಡುತ್ತಿತ್ತು. ನಮ್ಮ ಮೇಲಿನ ಮೇಸ್ತ್ರಿ, ಜಾಬರ್, ಎಲ್ಲರ ಮುಂದೆ ಕೆಟ್ಟ ಬಟ್ಟೆ ಹಿಡಿದು ನನ್ನ ಮರ್ಯಾದೆ ತೆಗೆಯುತ್ತಿದ್ದ. ಹಗಲು ಪಾಳಿ ಕೊಡಿ ಎಂದು ಕೈಮುಗಿದೆ, ನಿನಗಿಂತ ಮೊದಲು ಕೇಳಿದವರು ಸಾಲಾಗಿ ನಿಂತಿದ್ದಾರೆ ಎಂದ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮಗ್ಗಗಳ ನಡುವೆ ತಿರುಗುತ್ತಿದ್ದೆ. ದಣಿವು ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಳವಾದಲ್ಲಿ ಗಾಡಿ ಇಳಿಯುವುದು ಮರೆತು ಡೊಂಬಿವಲಿಯವರೆಗೆ ಹೋಗಿ, ಅಲ್ಲಿ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಬೆಂಚಿನ ಮೇಲೆ ಅರ್ಧ ತಾಸು ಮಲಗಿ ಬಂದದ್ದೂ ಉಂಟು.

ಪರೀಕ್ಷೆ ಮುಗಿಯಿತು, ರಿಸಲ್ಟು ಬಂತು. ಇಂಗ್ಲಿಷ್ ಪಾಸು, ವಿಜ್ಞಾನ ಪಾಸು. ಗಣಿತ ಮತ್ತೆ ಹೋಗಿತ್ತು.

ನಾನು ಅವತ್ತು ಬೈಯಲಿಲ್ಲ. "ಇರಲಿ ತಗೋ. ಒಂದಽ ಉಳದೈತಿ. ಮಾರ್ಚಿಗೆ ಕುಂಡ್ರು, ಅದ್ಯಾಕ ಬರೂದಿಲ್ಲ ನೋಡೂಣು" ಎಂದೆ. ಮಗಳು ಮಾರ್ಕ್ಸ್ ಶೀಟನ್ನು ಮಡಚಿ ಟ್ರಂಕಿನಲ್ಲಿ ಬಟ್ಟೆಗಳ ಕೆಳಗಿಟ್ಟಳು.

"ಸಾಕಪ್ಪಾ. ಬೇಲಾಪುರ ರೋಡಿನ್ಯಾಗ ಗುಳಿಗಿ ಕಂಪನಿ ಐತೆಲ್ಲ, ಪ್ಯಾಕಿಂಗಿಗೆ ಹುಡುಗ್ಯಾರ್ನ ತಗೊಳ್ಳಾಕತ್ತಾರ. ಕೇಳಿ ಬಂದೀನಿ. ಸೋಮವಾರದಿಂದ ಬಾ ಅಂದಾರ."

"ಮತ್ತ ನರ್ಸ್?"

"ನೀ ಗೊರಕಿ ಹೊಡದು ಆರ್ ತಿಂಗಳಾತು" ಎಂದಳು. "ಮಲಗಿಲ್ಲ ಅಂತ ನಂಗ ತಿಳಿಯೂದಿಲ್ಲೇನ್? ದಿನಾ ಬೆನ್ನ ಮಾಡಿ ಎಚ್ಚರ ಇರತಿದ್ದಿ. ಒಂದ್ ಲೆಕ್ಕ ಬಿಡಸೂದು, ನಿನ್ನ ಬೆನ್ನ ನೋಡೂದು. ಲೆಕ್ಕ ಹೆಂಗ ತಲಿಗೆ ಹೋಗಬೇಕು?"

ಹೆಂಡತಿ ಇನ್ನೂ ಬಂದಿರಲಿಲ್ಲ. ಎರಡು ಗಂಟೆಯಾಗಿತ್ತು, ಚಾಳು ಸುಮ್ಮನಿತ್ತು. ಮಗಳು ಎದ್ದು ನನ್ನ ಹಾಸಿಗೆ ಬಿಡಿಸಿದಳು, ದಿಂಬು ಕುಟ್ಟಿ ಇಟ್ಟಳು. "ಮಕ್ಕೋ ಅಪ್ಪಾ, ಕಣ್ಣ ಹೆಂಗಾಗ್ಯಾವ ನೋಡ್ಕೊ" ಎಂದಳು. ನಾನು ಮಲಗಿದೆ. ಅವಳು ತಲೆಯ ಹತ್ತಿರ ಗೋಡೆಗೆ ಒರಗಿ ಕೂತು ಕೈಗೆ ಸಿಕ್ಕ ಪುಸ್ತಕ ತೆರೆದಳು. ಹತ್ತನೆಯ ತರಗತಿಯ ಗಣಿತ. ಮೊದಲನೆಯ ಪುಟದಿಂದ ಜೋರಾಗಿ ಓದತೊಡಗಿದಳು. ಇನ್ನು ಅದನ್ನು ತಿಳಿದುಕೊಳ್ಳುವ ಅಗತ್ಯವಿರಲಿಲ್ಲ, ಹಾಗಾಗಿ ಎಲ್ಲಿಯೂ ನಿಲ್ಲಬೇಕಾಗಿರಲಿಲ್ಲ.

ಬೇಡವೆನ್ನಬೇಕಿತ್ತು ನಾನು. ಎದ್ದು ಪುಸ್ತಕ ಕಸಿದುಕೊಳ್ಳಬೇಕಿತ್ತು. ಅವಳು ಎರಡನೆಯ ಪುಟ ತಿರುವುವಷ್ಟರಲ್ಲಿ ನನಗೆ ನಿದ್ದೆ ಬಂದುಬಿಟ್ಟಿತು.